ಆರು ಮಿಲಿಮೀಟರ್

ಏಪ್ರಿಲ್ 7, ಸೋಮವಾರ

ಈ ಡೈರಿ ಸಿಮೆಂಟ್ ಕಂಪನಿಯವರು ಜನವರಿಯಲ್ಲಿ ಕೊಟ್ಟದ್ದು. ಮೂರು ತಿಂಗಳು ಬ್ಯಾಗಿನ ತಳದಲ್ಲಿ ಬಿದ್ದಿತ್ತು. ಇವತ್ತು ಹೊರಗೆ ತೆಗೆದೆ. ಸೈಟಿನಲ್ಲಿ ಬೈದರೆ ಬಾಸ್ ಮುಖ ಕಿವುಚುತ್ತಾರೆ, ಮನೆಯಲ್ಲಿ ಬೈದರೆ ಅವ್ವ ಅಳುತ್ತಾಳೆ, ಬಸ್ಸಿನಲ್ಲಿ ಬೈದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ಇಲ್ಲಿ ಬೈದರೆ ಯಾರ ಗಂಟೇನೂ ಹೋಗುವುದಿಲ್ಲ.

ಇವತ್ತು ಮಿಷನ್ನಿನ ಮೂತಿ ಮತ್ತೆ ಕಟ್ಟಿಕೊಂಡಿತು. ಹೋದ ವಾರ ಎರಡು ಸಲ, ಈ ವಾರ ಮೊದಲ ದಿನವೇ ಒಂದು ಸಲ. ಆಂಧ್ರದ ಗಡಿಯಲ್ಲಿ, ಕೌತಾಳಂ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಗೆ ಅಂಗನವಾಡಿ ಕಟ್ಟುತ್ತಿದ್ದೇವೆ. ಇಟ್ಟಿಗೆ ಇಲ್ಲ, ಸಾರುವೆ ಇಲ್ಲ. ಕಂಪ್ಯೂಟರಿನಲ್ಲಿರುವ ನಕಾಶೆಯಂತೆ ಪ್ರಿಂಟರಿನ ತೋಳು ಸುತ್ತುತ್ತಾ, ಮೂತಿಯಿಂದ ಕಾಂಕ್ರೀಟನ್ನು ಹಿಂಡುತ್ತಾ, ಪದರದ ಮೇಲೆ ಪದರ ಇಡುತ್ತಾ ಗೋಡೆ ಎಬ್ಬಿಸುತ್ತದೆ. ಊರಿನವರು ಇದಕ್ಕೆ ಜಿಲೇಬಿ ಮಿಷನ್ ಎಂದು ಹೆಸರಿಟ್ಟಿದ್ದಾರೆ. ಕಟ್ಟಿಕೊಂಡರೆ ಮೂತಿ ಬಿಚ್ಚಿ, ಪೈಪು ತೊಳೆದು ಮತ್ತೆ ಶುರು ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗುತ್ತದೆ. ಈ ಬಿಸಿಲಿಗೆ ಅಷ್ಟರಲ್ಲಿ ಕೆಳಗಿನ ಪದರ ಒಣಗಿರುತ್ತದೆ. ಆಮೇಲೆ ಇಟ್ಟ ಪದರ ಅದನ್ನು ಸರಿಯಾಗಿ ಹಿಡಿಯುವುದಿಲ್ಲ.

ಇಷ್ಟಕ್ಕೆಲ್ಲ ಕಾರಣ ಮಾಲು ಕಲಸುವ ಶ್ರೀರಾಮುಲು. ಐವತ್ತು ದಾಟಿದ, ಇಟ್ಟಿಗೆ ಗೋಡೆ ಕಟ್ಟುತ್ತಿದ್ದ ಗೌಂಡಿ. ಕರಣೆ ಬಿಟ್ಟು ಇಲ್ಲಿಗೆ ಬಂದಿದ್ದಾನೆ. ಮೂತಿ ಬಿಚ್ಚುವಾಗ ಪಕ್ಕದಲ್ಲಿ ಬಂದು ನಿಂತು ಹೇಳುತ್ತಾನೆ: "ಅಮ್ಮಾ, ಈ ಎಳಿ ಬಾಳ ಉದ್ದ ಅದಾವು. ಮೊದಲಿನವು ಹಿಂಗಿದ್ದಿಲ್ಲ."

ಎಳೆ ಎಂದರೆ ಕಾಂಕ್ರೀಟ್ ಬಿರುಕು ಬಿಡದಿರಲಿ ಎಂದು ಸೇರಿಸುವ ಫೈಬರ್, ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ನೂಲು. ಹಳೆಯದು ಮುಗಿದಾಗ ಹೊಸದನ್ನು ಆರಿಸಿದ್ದು ಸೈಟಿನ ಕ್ವಾಲಿಟಿ ಇಂಜಿನಿಯರ್ ಆದ ನಾನು. ಮೂರು ಕಂಪನಿಗಳ ಸ್ಯಾಂಪಲ್ ತರಿಸಿ, ಒಂದೊಂದನ್ನೂ ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆದು ನೋಡಿ, ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಗಟ್ಟಿ ಇದ್ದದ್ದನ್ನೇ ತೆಗೆದುಕೊಂಡೆ. ನಮ್ಮಪ್ಪ ಮೂವತ್ತೈದು ವರ್ಷದಿಂದ ಆದವಾನಿ ಮಾರ್ಕೆಟ್ಟಿನಲ್ಲಿ ಹತ್ತಿ ಅಡತಿ ವ್ಯಾಪಾರಿ. ನಾನು ಅಂಬೆಗಾಲಿಟ್ಟದ್ದೇ ಅರಳೆ ರಾಶಿಯಲ್ಲಿ. ಎಳೆಯ ವಿಷಯ ನನಗೆ ಇವನು ಹೇಳಿಕೊಡಬೇಕಂತೆ!

"ನಿನ್ನ ಕೆಲಸ ಕಲಸೋದು. ಅದನ್ನ ನೆಟ್ಟಗ ಮಾಡು," ಎಂದೆ. ತಲೆ ಅಲ್ಲಾಡಿಸಿ ಹೋದ. ಒಪ್ಪಿದನೋ ಬಿಟ್ಟನೋ ಗೊತ್ತಾಗದ ಹಾಗೆ ತಲೆ ಅಲ್ಲಾಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಏಪ್ರಿಲ್ 9, ಬುಧವಾರ

ನಿನ್ನೆ ಒಂದು ಸಲ, ಇವತ್ತು ಒಂದು ಸಲ. ಹೈದರಾಬಾದಿನ ಹೆಡ್ ಆಫೀಸಿನಿಂದ ಫೋನು ಬಂತಂತೆ. ಬಾಸ್ ಕೃಷ್ಣಕಾಂತ ಅವರು ನನ್ನನ್ನು ಕರೆದರು. ಈ ಮನುಷ್ಯನಿಗೆ ದನಿ ಏರಿಸುವುದೇ ಗೊತ್ತಿಲ್ಲ. ಅದೇ ನನಗೆ ಇನ್ನೂ ಸಿಟ್ಟು.

"ಕಾರಣ ಏನು ಅಂತ ಬರದು ಕೊಡ್ರಿ, ಅಶ್ವಿನಿ. ಬರೇ ಮಿಷನ್ ನಿಂತದ ಅಂದ್ರ ಅವರು ಒಪ್ಪೂದಿಲ್ಲ. ರಿಪೋರ್ಟಿನಾಗ ಒಂದು ಹೆಸರು ಇರಬೇಕಾಗ್ತದ."

ಬರೆದುಕೊಟ್ಟೆ. ಕಲಸುವವನು ಸೂಚನೆ ಪಾಲಿಸುವುದಿಲ್ಲ, ಫೈಬರನ್ನು ಉದುರಿಸುವ ಬದಲು ಮುಷ್ಟಿಗಟ್ಟಲೆ ಹಾಕುತ್ತಾನೆ, ಅದಕ್ಕೇ ಅದು ಗಂಟು ಕಟ್ಟಿ ಮೂತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಸುಳ್ಳೇನಲ್ಲ. ಮುಷ್ಟಿಯಲ್ಲಿ ಹಾಕಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ, ಒಂದು ಸಲ. ಒಂದು ಸಲ ಮಾಡಿದವನು ದಿನಾ ಮಾಡುತ್ತಾನೆ.

ಮಧ್ಯಾಹ್ನದೊಳಗೆ ಅವನನ್ನು ಕೆಲಸದಿಂದ ಬಿಡಿಸಿದರು. ಜಗಳ ಮಾಡುತ್ತಾನೆ ಎಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡೇ ನಿಂತಿದ್ದೆ. ಅವನು ಬಾಂಡ್ಲಿ ತೊಳೆದಿಟ್ಟ, ಜರಡಿಯನ್ನು ಮೊಳೆಗೆ ಸಿಕ್ಕಿಸಿದ, ಶೆಡ್ಡಿನ ಮೂಲೆಯಿಂದ ಒಂದು ಬಟ್ಟೆ ಗಂಟು ತೆಗೆದುಕೊಂಡ. "ಬರ್ತೀನಮ್ಮಾ," ಎಂದು ಹೋದ.

ಬರ್ತೀನಮ್ಮಾ ಎಂದು ಯಾಕೆ ಹೇಳಬೇಕಿತ್ತು? ನಾಲ್ಕು ಬೈದು ಹೋಗಿದ್ದರೆ ನನಗೆ ಮಧ್ಯಾಹ್ನದ ರೊಟ್ಟಿ ನೆಟ್ಟಗೆ ಇಳಿಯುತ್ತಿತ್ತು.

ಏಪ್ರಿಲ್ 10, ಗುರುವಾರ

ಹೊಸ ಹುಡುಗ ಬಂದ, ಗೋವರ್ಧನ. ಡಿಪ್ಲೊಮಾ ಆಗಿದೆ. ಫೈಬರನ್ನು ತೂಕ ಮಾಡಿ, ಚಮಚದಲ್ಲಿ ಎತ್ತಿ, ಅರಿಶಿನ ಉದುರಿಸುವ ಹಾಗೆ ಉದುರಿಸುತ್ತಾನೆ. ಕೆಲಸ ಅಂದರೆ ಹೀಗಿರಬೇಕು.

ಹತ್ತೂವರೆಗೆ ನಿಂತಿತು. ಹನ್ನೆರಡಕ್ಕೆ ಮತ್ತೆ ನಿಂತಿತು. ಬಿಸಿಲು. ನಲವತ್ತೆರಡು ಡಿಗ್ರಿಯಲ್ಲಿ ಯಾವ ಮಿಷನ್ ತಾನೇ ಓಡುತ್ತದೆ?

ಏಪ್ರಿಲ್ 11, ಶುಕ್ರವಾರ

ನಾಲ್ಕು ಸಲ. ಮಿಷನ್ನಿಗೆ ಕಾಂಕ್ರೀಟ್ ತಳ್ಳುವ ಪಂಪಿನ ಕಂಪನಿಯವನ ಜನ್ಮವನ್ನು ಫೋನಿನಲ್ಲೇ ಜಾಲಾಡಿದೆ. ಎಲ್ಲ ಕೇಳಿಸಿಕೊಂಡು ನಕ್ಕುಬಿಟ್ಟ. ಫೋನು ಎಸೆಯಬೇಕೆನಿಸಿತು, ಕಂತು ಇನ್ನೂ ಮುಗಿದಿಲ್ಲ ಎಂದು ಎಸೆಯಲಿಲ್ಲ.

ಏಪ್ರಿಲ್ 12, ಶನಿವಾರ

ಇವತ್ತು ಲೆಕ್ಕ ಇಡುವುದನ್ನೇ ಬಿಟ್ಟೆ. ಮೂತಿಯನ್ನು ನಾನೇ ಬಿಚ್ಚಿ ಬೆರಳು ಹಾಕಿ ತೆಗೆದೆ. ಹೊಲಿಗೆ ಮಿಷನ್ನಿನ ಕೆಳಗೆ ಸೇರಿಕೊಳ್ಳುತ್ತದಲ್ಲ, ನೂಲಿನ ಉಂಡೆ, ಅಂಥದ್ದು. ಸಿಮೆಂಟು ಮೆತ್ತಿದ, ನಿಂಬೆಹಣ್ಣಿನಷ್ಟು ಗಾತ್ರದ ಉಂಡೆ. ಚಮಚದಲ್ಲಿ ಉದುರಿಸಿದ್ದು ಹೇಗೆ ಉಂಡೆಯಾಯಿತು?

ಬಸವಕ್ಕ ನೀರು ತಂದುಕೊಟ್ಟಳು. ಅಂಗನವಾಡಿಯ ಆಯಾ. ಕಟ್ಟಡ ಏಳುವ ತನಕ ಮಕ್ಕಳನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡಿದ್ದಾಳೆ, ದಿನಕ್ಕೆ ಎರಡು ಸಲ ಬಂದು ಗೋಡೆ ಎಷ್ಟು ಎದ್ದಿದೆ ಎಂದು ನೋಡಿ ಹೋಗುತ್ತಾಳೆ. ಉಂಡೆಯನ್ನು ನೋಡಿ ಹೇಳಿದಳು:

"ರಾಮುಲಣ್ಣ ಇದ್ದಾಗ ಇಷ್ಟು ಆಗ್ತಿದ್ದಿಲ್ಲ ಬಿಡ್ರಿ. ಅವ ಮುಂಜಾನಿ ಆರಕ್ಕ ಬಂದು ಬೇವಿನ ಗಿಡದ ಬುಡಕ ಕುಂತು ಕತ್ತರಸ್ತಿದ್ದ."

"ಏನು ಕತ್ತರಸ್ತಿದ್ದ?"

"ಅದಾ, ಆ ಬಿಳಿ ನೂಲು. ಮನಿಯಿಂದ ಕತ್ತರಿ ತಂದು, ಒಂದೊಂದು ಹಿಡಿ ಹಿಡಕೊಂಡು ಸಣ್ಣಗ ಮಾಡ್ತಿದ್ದ. ನೀವು ಏಳೂವರಿ ಬಸ್ಸಿಗೆ ಬರೋದ್ರಾಗ ಎಷ್ಟು ಆಗತೈತೋ ಅಷ್ಟು. ಹೊತ್ತು ಸಾಲದಿದ್ದ ದಿನ ಮಿಷನ್ ನಿಂದರ್ತಿತ್ತು ನೋಡ್ರಿ."

ಯಾರು ಹೇಳಿದರು ಅವನಿಗೆ ಕತ್ತರಿಸು ಎಂದು? ಕಂಪನಿಯ ಸಾಮಾನನ್ನು ಕೇಳದೆ ಕತ್ತರಿಸುವುದು ಶಿಸ್ತೇ? ನಾನು ಆರಿಸಿ ತಂದ ಉದ್ದನೆಯ ಎಳೆಯನ್ನು! ಬಸ್ಸಿನಲ್ಲಿ ಆದವಾನಿ ತನಕ ಇದನ್ನೇ ಮೆಲ್ಲುತ್ತಾ ಬಂದೆ. ಇಳಿಯುವಾಗ ಹಲ್ಲು ನೋಯುತ್ತಿತ್ತು.

ಏಪ್ರಿಲ್ 13, ಭಾನುವಾರ

ಮಾರ್ಕೆಟ್ಟಿಗೆ ರಜೆ, ಅಪ್ಪ ಮನೆಯಲ್ಲಿದ್ದ. ಬ್ಯಾಗಿನಲ್ಲಿದ್ದ ಫೈಬರನ್ನು ಅವನ ಮುಂದೆ ಹಾಕಿದೆ. ಅಪ್ಪ ಕನ್ನಡಕ ಏರಿಸಿ, ಒಂದು ಚಿಟಿಕೆ ತೆಗೆದು, ಹೆಬ್ಬೆರಳುಗಳ ನಡುವೆ ಹಿಡಿದು ಎಳೆದ, ಮಡಚಿ ಮತ್ತೆ ಎಳೆದ. ನಾನು ಮಾಡಿದ್ದೂ ಹಾಗೇ, ಅದೇ ಬೆರಳು, ಅದೇ ಮಡಿಕೆ.

"ಮಾಲು ಚಲೋ ಐತಲ್ಲವಾ. ನಿನಗ ಎಷ್ಟು ಉದ್ದ ಹೇಳಿದ್ರು?"

"ಆರು ಮಿಲಿಮೀಟರ್."

"ಇದು ಇಪ್ಪತ್ತರ ತನಕ ಬರತೈತಿ." ಅಪ್ಪನ ಮುಖ ಅರಳಿತು. "ಹೇಳಿದ್ದಕ್ಕಿಂತ ಹೆಚ್ಚಿಗಿ ಕೊಟ್ಟೀಯಲ್ಲ! ಮತ್ತ ಯಾಕ ತಕರಾರು ಅವರದು? ಹತ್ತಿ ಒಪ್ಪಂದದಾಗ ಇಪ್ಪತ್ತೆಂಟು ಅಂತ ಬರಿಸಿ, ಮೂವತ್ತರ ಎಳಿ ಬಂದ್ರ ಮಿಲ್ಲಿನವರು ಕುಣಿದು ಬಿಡ್ತಾರ."

ಹೌದು ಎನ್ನಲು ಬಾಯಿ ತೆರೆದೆ. ತೆರೆದದ್ದು ಹಾಗೇ ನಿಂತಿತು.

ನಮ್ಮಲ್ಲಿ ಬರೆದ ಅಳತೆ ಎಂದರೆ ಅದಕ್ಕಿಂತ ಕಡಿಮೆ ಇರಬಾರದು ಎಂದು ಅರ್ಥ. ಹೆಚ್ಚಿದ್ದರೆ ಲಾಭ. ಇದು ನನಗೆ ಯಾರೂ ಕಲಿಸಿದ್ದಲ್ಲ, ರಕ್ತದಲ್ಲೇ ಇದೆ. ಕೋಣೆಗೆ ಹೋಗಿ ಮಿಶ್ರಣದ ಹಾಳೆ ತೆಗೆದೆ. ನೀರು ಇಷ್ಟು, ಮರಳು ಇಷ್ಟು, ಫೈಬರ್ ಉದ್ದ ಆರು ಮಿಲಿಮೀಟರ್. ನೀರನ್ನು ಬರೆದದ್ದಕ್ಕಿಂತ ಒಂದು ಲೋಟ ಹೆಚ್ಚು ಹಾಕಲು ನಾನು ಬಿಡುವುದಿಲ್ಲ. ಅದೇ ಹಾಳೆ, ಅದೇ ಅಕ್ಷರ. ಆರು ಎಂದರೆ ಆರು.

ಹೆಚ್ಚಿರಬಾರದು ಎಂದು ಬರೆದರೆ ಆ ಹಾಳೆ ಮಾಡಿದವರ ಕೈ ಸವೆಯುತ್ತಿತ್ತೇ? ಆದವಾನಿಯಲ್ಲಿ ಯಾರಿಗೆ ಬೇಕಾದರೂ ಈ ಹಾಳೆ ಕೊಡಿ, ನನ್ನ ಹಾಗೇ ಓದುತ್ತಾರೆ. ಎಲ್ಲರೂ ಓದುತ್ತಾರೆ.

ಒಬ್ಬ ಓದಲಿಲ್ಲ. ಅವನಿಗೆ ಹಾಳೆ ಓದಲು ಬರುವುದಿಲ್ಲ.

ಏಪ್ರಿಲ್ 15, ಮಂಗಳವಾರ

ಶೆಡ್ಡಿನ ಮೂಲೆಯಲ್ಲಿ ಹಳೆಯ ಫೈಬರಿನ ಅರ್ಧ ಪೊಟ್ಟಣ ಸಿಕ್ಕಿತು. ಸ್ಕೇಲ್ ಇಟ್ಟು ಅಳೆದೆ. ಆರು. ಗೋವರ್ಧನನಿಗೆ ಅದನ್ನೇ ಹಾಕಿ ಕಲಸು ಎಂದೆ.

ಮೂರೂವರೆ ಗಂಟೆ ಮಿಷನ್ ಒಂದು ಸಲವೂ ನಿಲ್ಲಲಿಲ್ಲ. ಬಿಸಿಲು ನಲವತ್ತಮೂರು. ಗೋವರ್ಧನ ಚಪ್ಪಾಳೆ ತಟ್ಟಿದ. ಅವನಿಗೆ ಬೈದೆ, ಯಾಕೆಂದು ಅವನಿಗೂ ಗೊತ್ತಿಲ್ಲ.

ಏಪ್ರಿಲ್ 16, ಬುಧವಾರ

ಬಾಸ್‌ಗೆ ಎಲ್ಲ ಹೇಳಿದೆ. ಫೈಬರ್ ಆರಿಸಿದ್ದು ನಾನು, ಅಳತೆ ತಪ್ಪು, ಮನುಷ್ಯನದು ತಪ್ಪಿಲ್ಲ, ತೆಂಕಣ ಗೋಡೆಯ ಒಂಬತ್ತನೇ ಪದರದಿಂದ ಮೇಲೆ ಎಷ್ಟೋ ಕಡೆ ಕೂಡಿಕೆ ಹಿಡಿದಿಲ್ಲ, ಅಷ್ಟನ್ನೂ ಇಳಿಸಬೇಕು. ಅವರು ಪೂರ್ತಿ ಕೇಳಿಸಿಕೊಂಡು, ಮೇಜಿನ ಮೇಲಿನ ಪೆನ್ನುಗಳನ್ನು ಒಂದೇ ಸಾಲಿಗೆ ಜೋಡಿಸಿದರು.

"ಗೊತ್ತಾತಲ್ಲ, ಚಲೋ ಆತು. ಸಣ್ಣ ಫೈಬರ್ ತರಸ್ರಿ. ಗೋಡಿಗೆ ಒಳಗ ಹೊರಗ ಪ್ಲಾಸ್ಟರ್ ಮಾಡಿಸಿದ್ರ ಮುಗೀತು. ರಿಪೋರ್ಟ್ ಮ್ಯಾಲೆ ಹೋಗ್ಯದ. ಈಗ ಇನ್ನೊಂದು ಬರದ್ರ, ಫೈಬರ್ ಯಾರು ಆರಿಸಿದ್ರು ಅಂತ ಕೇಳ್ತಾರ. ನಿಮ್ಮ ಪ್ರೊಬೇಷನ್ ಇನ್ನ ಎರಡು ತಿಂಗಳದ."

"ಮತ್ತ ಶ್ರೀರಾಮುಲು?"

"ಗೌಂಡಿ ಕೆಲಸಕ್ಕ ಏನು ಬರ ಅದ? ಎಲ್ಲಾದರೂ ಸಿಗ್ತದ."

ಇಷ್ಟು ಮೆತ್ತಗೆ, ಇಷ್ಟು ಮರ್ಯಾದೆಯಿಂದ ಹೇಳುವವರ ಮುಂದೆ ಕಿರುಚುವುದು ಹೇಗೆ? "ಸರಿ ಸರ್" ಎಂದೆ. ಹೊರಗೆ ಬಂದು ಸಿಮೆಂಟ್ ಚೀಲಕ್ಕೆ ಒದ್ದೆ. ಚಪ್ಪಲಿ ಹರಿಯಿತು.

ಏಪ್ರಿಲ್ 17, ಗುರುವಾರ

ಸಣ್ಣ ಫೈಬರ್ ಬಂತು. ಗೋಡೆ ಏಳುತ್ತಿದೆ. ಬರೆಯುವುದೇನೂ ಇಲ್ಲ.

ಏಪ್ರಿಲ್ 19, ಶನಿವಾರ

ಊಟದ ಹೊತ್ತಿನಲ್ಲಿ ಎಲ್ಲರೂ ನೆರಳಿಗೆ ಹೋಗಿದ್ದರು. ಸುತ್ತಿಗೆ ಹಿಡಿದು ತೆಂಕಣ ಗೋಡೆಯನ್ನು ಪದರ ಪದರವಾಗಿ ಬಡಿಯುತ್ತಾ ಹೋದೆ. ಎಂಟರ ತನಕ ಗಟ್ಟಿ ಸದ್ದು. ಒಂಬತ್ತರಿಂದ ಬೇರೆ. ಕಿಟಕಿಯ ಅಂಚಿನಲ್ಲಿ ಉಳಿ ಇಟ್ಟು ಎರಡೇ ಏಟು ಕೊಟ್ಟೆ. ಮೊಳದುದ್ದದ ತುಂಡು ಕೂಡಿಕೆಯಲ್ಲಿ ಎದ್ದು ಬಂದು ಕಾಲ ಬಳಿ ಬಿತ್ತು. ಒಡೆದ ಜಾಗ ಉಜ್ಜಿ ತೊಳೆದ ತಟ್ಟೆಯ ಹಾಗೆ ನುಣ್ಣಗಿತ್ತು. ಹಿಡಿದೇ ಇರಲಿಲ್ಲ.

ಬಸವಕ್ಕ ನೋಡುತ್ತಾ ನಿಂತಿದ್ದಳು. "ಇದಕ ಪ್ಲಾಸ್ಟರ್ ಹಚ್ಚತೀರೇನ್ರಿ?" ಎಂದಳು. ಬಾಸ್ ಹೇಳಿದ್ದು ಇಡೀ ಊರಿಗೆ ಗೊತ್ತು. ನಾನು ಬಿದ್ದ ತುಂಡನ್ನು ಎತ್ತಿ ಪಕ್ಕಕ್ಕಿಟ್ಟೆ. "ನಮ್ಮ ಹುಡುಗರು ಗೋಡಿಗೆ ಒರಗಿ ಕುಂದರ್ತಾವು," ಎಂದು ಹೇಳಿ ಹೋದಳು.

ಶ್ರೀರಾಮುಲು ಕತ್ತರಿಸಿ ಹಾಕಿದ ದಿನಗಳ ಪದರ ಯಾವುವು, ಹೊತ್ತು ಸಾಲದ ದಿನಗಳವು ಯಾವುವು ಎಂದು ಅವರೊಬ್ಬರಿಗೇ ಗೊತ್ತಿರುತ್ತದೆ. ಕೇಳಬೇಕು. ನಾಳೆ ಭಾನುವಾರ.

ಏಪ್ರಿಲ್ 20, ಭಾನುವಾರ

ಸೈಟಿನಿಂದ ಮೂರು ಕಿಲೋಮೀಟರ್ ಅವರ ಊರು. ಆಟೋ ಊರ ಹೊರಗೇ ಇಳಿಸಿತು. ಮನೆ ಕೇಳಿದರೆ ಒಬ್ಬ, "ಮಾಲು ಕೆಡಿಸಿದ ಗೌಂಡಿ ಮನ್ಯಾ?" ಎಂದು ಕೈ ತೋರಿಸಿದ. ನನ್ನ ಇಂಗ್ಲಿಷ್ ರಿಪೋರ್ಟು ಹತ್ತು ದಿನದಲ್ಲಿ ಇಲ್ಲಿಯ ತನಕ ನಡೆದು ಬಂದಿತ್ತು.

ಬಾಗಿಲಲ್ಲಿ ಅವರ ಹೆಂಡತಿ ಉಚ್ಚಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮಿಷನ್ನಿನ ಗಾಲಿಯನ್ನು ಅಂಗೈಯಲ್ಲಿ ಒತ್ತಿ ನಿಲ್ಲಿಸಿದರು.

"ಬರ್ರಿ ಅಮ್ಮಾ, ಬರ್ರಿ. ಇದನ್ನ ನೋಡ್ರಿ ಮೊದಲ." ಕತ್ತರಿಯನ್ನು ನನ್ನ ಮುಖದ ಮುಂದೆ ಹಿಡಿದರು. "ಜಾಕೀಟು ಕತ್ತರಸೋ ಕತ್ತರಿ. ನಿಮ್ಮ ನೂಲು ಕತ್ತರಿಸಿ ಕತ್ತರಿಸಿ ಇವರು ಮೊಂಡ ಮಾಡಿಟ್ಟಾರ. ನಾ ದಿನಾ ಬಯ್ದೀನಿ, ಯಾರಪ್ಪನ ಕೆಲಸಕ್ಕ ನನ್ನ ಕತ್ತರಿ ಅಂತ. 'ಆ ಹುಡುಗಿ ಹೊಸದಾಗಿ ಬಂದೈತಿ, ಮಿಷನ್ ನಿಂತ್ರ ಆಕಿಗೆ ಬೈತಾರ' ಅಂತಿದ್ರು. ಆಕಿಗೆ ಬೈತಾರಂತ! ಈಗ ಕೌತಾಳಂ ಮೇಸ್ತ್ರಿಗಳು ಒಬ್ಬರೂ ಕರಿಯಂಗಿಲ್ಲ. ಮೂವತ್ತು ವರ್ಷ ಕಟ್ಟ್ಯಾರ ಈ ಸುತ್ತಿನಾಗ. ಒಂದು ಗೋಡಿ ಬಿದ್ದಿಲ್ಲಮ್ಮಾ, ಒಂದು!"

ನಾನು ಸಿಟ್ಟಿನವಳು ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಇವರ ಮುಂದೆ ನನ್ನದು ಬರೀ ಗೊಣಗಾಟ. ತಲೆ ಎತ್ತಲು ಆಗಲಿಲ್ಲ, ಅಷ್ಟು ನಾಚಿಕೆಯಾಯಿತು.

ಶ್ರೀರಾಮುಲು ಒಳಗಿನಿಂದ ಬಂದು ಹೆಂಡತಿಗೆ ಸುಮ್ಮನಿರು ಎಂದರು, ನನಗೆ ಸ್ಟೂಲು ಹಾಕಿದರು. ನಾನು ನಿಂತೇ ಹೇಳಿದೆ. ತಪ್ಪು ನನ್ನದು, ನೀವು ಹೇಳಿದ್ದು ನಿಜ, ವಾಪಸ್ ಬನ್ನಿ.

ಶ್ರೀರಾಮುಲು ಸ್ಟೂಲನ್ನು ಇನ್ನಷ್ಟು ಹತ್ತಿರ ಸರಿಸಿದರು.

"ನೀವು ಮನಿತನಕ ಬಂದು ಬಾಯಿಲೆ ಹೇಳಿದ್ರಿ, ದೊಡ್ಡದು. ಆದ್ರ ನನಗ ಅದರಿಂದ ಏನಾಗತೈತಮ್ಮಾ? ನೀವು ನನ್ನ ಹೆಸರು ಕಾಗದದಾಗ ಹಾಕೀರಿ. ಕಾಗದದಾಗೇ ತೆಗೀರಿ. ನಾ ಆಮ್ಯಾಲೆ ಬರ್ತೀನಿ."

"ಇಂಗ್ಲೀಷ್ನಾಗ ಬರದು ಒಳಗಿಟ್ಟರ ನಡ್ಯಂಗಿಲ್ಲ," ಎಂದರು ಉಚ್ಚಮ್ಮ. "ತೆಲುಗಿನಾಗ ಬರೀರಿ. ನಾ ತೆಲುಗು ಸಾಲ್ಯಾಗ ಏಳನೇ ಕ್ಲಾಸ್ ಓದೀನಿ."

ಏಪ್ರಿಲ್ 22, ಮಂಗಳವಾರ

ನಿನ್ನೆ ಎರಡು ಕಾಗದ ಬರೆದೆ. ಇಂಗ್ಲಿಷಿನದನ್ನು ನೇರವಾಗಿ ಹೆಡ್ ಆಫೀಸಿಗೆ ಕಳಿಸಿ, ಪ್ರತಿಯನ್ನು ಬಾಸ್ ಮೇಜಿನ ಮೇಲಿಟ್ಟೆ. ತೆಲುಗಿನದನ್ನು ಇನ್ನೂ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಬಾಸ್ ಇವತ್ತೂ ದನಿ ಏರಿಸಲಿಲ್ಲ. "ಇಷ್ಟು ಅವಸರ ಯಾಕಿತ್ತು ನಿಮಗ?" ಎಂದರು. ಗೋಡೆಯಿಂದ ಎದ್ದ ತುಂಡನ್ನು ಅವರ ಪೆನ್ನುಗಳ ಸಾಲಿನ ಮೇಲೆ ಇಟ್ಟೆ. ಅವರು ಅದನ್ನು ತಿರುಗಿಸಿ ನುಣ್ಣಗಿನ ಮಗ್ಗುಲನ್ನು ಬೆರಳಿನಿಂದ ಸವರಿ ನೋಡಿದರು.

ಸಂಜೆ ಹೆಡ್ ಆಫೀಸಿನ ಉತ್ತರ ಬಂತು. ಗೋಡೆಯನ್ನು ಎಂಟನೇ ಪದರದ ತನಕ ಇಳಿಸುವುದು, ಹಳೆಯ ಕೆಲಸಗಾರನನ್ನು ಕರೆಸುವುದು, ನಾನು ಶುಕ್ರವಾರದಿಂದ ಮುಂದಿನ ಆದೇಶದ ತನಕ ಮನೆಯಲ್ಲಿರುವುದು. ಅವ್ವ ಅತ್ತಳು. ಅಪ್ಪ, "ಹೆಚ್ಚಿಗಿ ಕೊಟ್ಟದ್ದಕ್ಕ ಯಾರಾದ್ರೂ ಮನ್ಯಾಗ ಕೂಡಸ್ತಾರೇನು?" ಎಂದು ಮನೆಯೆಲ್ಲ ಓಡಾಡಿದ. ಅವನನ್ನು ಕೂರಿಸಿಕೊಂಡು ಹೇಳಿದೆ. ಅರ್ಧ ಗಂಟೆ ಬೇಕಾಯಿತು. ಒಮ್ಮೆಯೂ ದನಿ ಏರಿಸಲಿಲ್ಲ, ಎಂಥದೋ ಸುಸ್ತು.

ಏಪ್ರಿಲ್ 24, ಗುರುವಾರ

ಬೆಳಿಗ್ಗೆ ತೆಲುಗಿನ ಕಾಗದವನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ. ಎಂಟು ಗಂಟೆಗೆ ಇಬ್ಬರೂ ಬಂದರು, ಶ್ರೀರಾಮುಲು ಮತ್ತು ಉಚ್ಚಮ್ಮ. ಕೂಲಿಯವರು, ಗೋವರ್ಧನ, ಬಸವಕ್ಕ, ಊರಿನ ಹತ್ತು ಹದಿನೈದು ಜನ ಸೇರಿದರು. ಬಾಸ್ ಜೀಪಿನ ಹತ್ತಿರವೇ ನಿಂತರು.

ಉಚ್ಚಮ್ಮ ಒಂದೊಂದು ಪದದ ಕೆಳಗೂ ಬೆರಳಿಟ್ಟು, ಎಲ್ಲರಿಗೂ ಕೇಳುವ ಹಾಗೆ ಓದಿದರು. ಫೈಬರ್ ಆರಿಸಿದವಳು ಕ್ವಾಲಿಟಿ ಇಂಜಿನಿಯರ್ ಅಶ್ವಿನಿ. ಆರು ಇರಬೇಕಾದ ಕಡೆ ಇಪ್ಪತ್ತು ತಂದವಳು ಅಶ್ವಿನಿ. ತಿಳಿಯದೆ ಶ್ರೀರಾಮುಲು ಅವರ ಮೇಲೆ ತಪ್ಪು ರಿಪೋರ್ಟು ಬರೆದವಳು ಅಶ್ವಿನಿ. ನನ್ನ ಹೆಸರು ಅಷ್ಟೊಂದು ಸಲ ಬರುತ್ತದೆ ಎಂದು ಬರೆಯುವಾಗ ಗೊತ್ತಾಗಿರಲಿಲ್ಲ. ಎಳೆ ಉದ್ದವಾಯಿತೆಂದು ಶ್ರೀರಾಮುಲು ಅವರು ಮೂರು ಸಲ ಎಚ್ಚರಿಸಿದ್ದರು ಎನ್ನುವಲ್ಲಿಗೆ ಬಂದು ಉಚ್ಚಮ್ಮನವರ ಬೆರಳು ನಿಂತಿತು.

"ಮೂರಲ್ಲ. ನಾಲ್ಕು ಸಲ."

"ಮೂರು ಸಲ ಅಂತ ನನ್ನ ನೆನಪು," ಎಂದೆ. ಕಿವಿ ಬಿಸಿಯಾದವು. ಕೆಲಸ ಹೋದಂತೆಯೇ, ಹೆಸರು ಬಾಗಿಲಿಗೆ ಅಂಟಿದೆ, ಇನ್ನು ಇದಕ್ಕೂ ತಕರಾರೇ?

"ಹೇಳಿದ ದಿನ ಮನಿಗೆ ಬಂದು ನನಗೂ ಹೇಳತಿದ್ರು, ಇವತ್ತೂ ಹೇಳಿದೆ, ಆಕಿ ಕೇಳವಲ್ಲಳು ಅಂತ. ನಾ ಎಣಿಸೀನಿ. ನಾಲ್ಕು."

ಶ್ರೀರಾಮುಲು, "ಇರಲಿ ಬಿಡು, ಒಂದರಾಗ ಏನೈತಿ," ಎಂದರು. ಉಚ್ಚಮ್ಮ ಬೆರಳು ತೆಗೆಯಲಿಲ್ಲ.

ನಾನು ಯಾವ ಬಾಯಿಂದ ವಾದಿಸಲಿ? ನಾನು ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಗೋವರ್ಧನನ ಜೇಬಿನಿಂದ ಪೆನ್ನು ಕಿತ್ತುಕೊಂಡು ಮೂರನ್ನು ಹೊಡೆದು ಹಾಕಿ ನಾಲ್ಕು ಎಂದು ಬರೆದೆ.

"ತಿದ್ದಿದ ಕಡಿ ಸಹಿ ಹಾಕ್ರಿ," ಎಂದರು ಉಚ್ಚಮ್ಮ.

ಹಾಕಿದೆ.